ಕ್ರೂಸ್ ಕಂಪನಿ ಆರಿಸುವ ಮೊದಲು ಪುಟ್ಟ ಮಗನ ವಯಸ್ಸು ನೋಡಿ

ಪ್ರಶ್ನೆ: ನಾವು ದಾವಣಗೆರೆಯವರು. ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗಳು, ಎರಡು ವರ್ಷ ನಾಲ್ಕು ತಿಂಗಳ ಮಗ, ಜೊತೆಗೆ 67 ವರ್ಷದ ನಮ್ಮ ಅತ್ತೆ. ಬರುವ ಏಪ್ರಿಲ್ ರಜೆಯಲ್ಲಿ ಎಲ್ಲರೂ ಕ್ರೂಸ್‌ಗೆ ಹೋಗೋಣ ಎಂದುಕೊಂಡಿದ್ದೇವೆ. ಏಜೆಂಟ್ ಒಬ್ಬರು ಸಿಂಗಾಪುರದಿಂದ ಹೊರಡುವ ದೊಡ್ಡ ಹಡಗು ತೋರಿಸಿ, "ಮಕ್ಕಳು ಫ್ರೀ, ಅವರನ್ನು ಕಿಡ್ಸ್ ಕ್ಲಬ್‌ನಲ್ಲಿ ಬಿಟ್ಟು ನೀವು ಆರಾಮಾಗಿರಿ" ಎಂದರು. ನಮ್ಮ ನಾದಿನಿ ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗುವ ಕಾರ್ಡೆಲಿಯಾ ಸಾಕು ಅನ್ನುತ್ತಾಳೆ. ಮಗಳಿಗೆ ಡಿಸ್ನಿ ಹಡಗೇ ಬೇಕಂತೆ. ಆದರೆ ಅವಳು ಆಗುಂಬೆ ಘಾಟಿಯಲ್ಲಿ ಪ್ರತಿ ಸಲ ವಾಂತಿ ಮಾಡುತ್ತಾಳೆ. ಅತ್ತೆಗೆ ಮಂಡಿ ನೋವು, ಶುದ್ಧ ಸಸ್ಯಾಹಾರ, ಸೋಮವಾರ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನನಗೋ ನೀರು ಅಂದರೆ ಭಯ. ಯಾವ ಕಂಪನಿ ಒಳ್ಳೆಯದು, ದಯವಿಟ್ಟು ಹೇಳಿ.

ಉತ್ತರ: ಯಾವ ಕಂಪನಿ ಎಂದು ಕೇಳಿದ್ದೀರಿ. ಆದರೆ ನಿಮ್ಮ ಪತ್ರ ಓದುವಾಗ ನನಗೆ ಕಂಡ ಆತಂಕ ಬೇರೆ. ಇಷ್ಟು ದುಡ್ಡು ಹಾಕಿ ಹೋದ ಮೇಲೆ ಮನೆಯವರಲ್ಲಿ ಯಾರೋ ಒಬ್ಬರು ಕ್ಯಾಬಿನ್‌ನಲ್ಲೇ ಕೂತು ಬರುವ ಹಾಗೆ ಆಗಬಾರದು. ಮಗಳು ವಾಂತಿ ಮಾಡಿಕೊಂಡು ಮಲಗಬಾರದು, ಅತ್ತೆಯವರು ಬಾಳೆಹಣ್ಣು ತಿಂದು ದಿನ ದೂಡಬಾರದು, ನೀವು ಮೂರೂ ದಿನ ಮಗನ ಹಿಂದೆಯೇ ಓಡುತ್ತಿರಬಾರದು. ಅಲ್ವಾ?

ನಾನು ಮಂಗಳೂರಿನ ಕಡೆಯವನು. ನಮ್ಮ ಕಡೆ ಹಡಗಿನ ಕೆಲಸಕ್ಕೆ ಹೋಗುವುದು ಹೊಸದಲ್ಲ. ನಾನೂ ಹನ್ನೆರಡು ವರ್ಷ ಕ್ರೂಸ್ ಹಡಗುಗಳಲ್ಲಿ ದುಡಿದೆ. ಮೊದಲು ಮಕ್ಕಳ ಕ್ಲಬ್‌ನಲ್ಲಿ, ಆಮೇಲೆ ರಿಸೆಪ್ಷನ್‌ನಲ್ಲಿ. ಈಗ ಊರಲ್ಲಿದ್ದುಕೊಂಡು ಕುಟುಂಬಗಳಿಗೆ ಕ್ರೂಸ್ ಪ್ರವಾಸದ ಸಲಹೆ ಕೊಡುತ್ತೇನೆ. ಆ ಅನುಭವದ ಮೇಲೆ ಹೇಳುತ್ತೇನೆ, ನಿಮ್ಮ ಮನೆಯ ಮಟ್ಟಿಗೆ ಕಂಪನಿ ಯಾವುದು ಎನ್ನುವುದು ಎರಡನೇ ಪ್ರಶ್ನೆ. ಹಡಗು ಹತ್ತುವ ದಿನ ನಿಮ್ಮ ಮಗನಿಗೆ ಮೂರು ವರ್ಷ ತುಂಬಿರುತ್ತದೆಯೇ, ಅವನು ಡೈಪರ್ ಬಿಟ್ಟಿರುತ್ತಾನೆಯೇ ಎನ್ನುವುದು ಮೊದಲನೇ ಪ್ರಶ್ನೆ. ಏಪ್ರಿಲ್‌ಗೆ ಅವನಿಗೆ ಎರಡು ವರ್ಷ ಎಂಟು ತಿಂಗಳು ಆಗಿರುತ್ತದೆ. ಮೂರು ತುಂಬಲು ಆಗ ನಾಲ್ಕು ತಿಂಗಳು ಬಾಕಿ. ನಿಮ್ಮ ಇಡೀ ಪ್ರವಾಸ ಆ ನಾಲ್ಕು ತಿಂಗಳ ಮೇಲೆ ನಿಂತಿದೆ.

ಯಾಕೆ ಎಂದು ಹೇಳುತ್ತೇನೆ. ರಾಯಲ್ ಕೆರಿಬಿಯನ್ ಎಂಬ ಅಮೆರಿಕದ ಕ್ರೂಸ್ ಕಂಪನಿಯಾಗಲಿ, ಡಿಸ್ನಿ ಆಗಲಿ, ಮಕ್ಕಳನ್ನು ಬಿಟ್ಟುಹೋಗುವ ಕ್ಲಬ್‌ಗೆ ಮೂರು ವರ್ಷ ತುಂಬಿರಬೇಕು, ಮಗು ತಾನೇ ಟಾಯ್ಲೆಟ್‌ಗೆ ಹೋಗುವಂತಿರಬೇಕು. ಡೈಪರ್ ಆಗಲಿ, ಚಡ್ಡಿಯಂತೆ ಏರಿಸುವ ಪುಲ್-ಅಪ್ ಡೈಪರ್ ಆಗಲಿ ನಡೆಯುವುದಿಲ್ಲ. ಕ್ಲಬ್‌ನ ಸಿಬ್ಬಂದಿ ಡೈಪರ್ ಬದಲಿಸುವುದಿಲ್ಲ. ಮಗುವಿನ ಹುಟ್ಟಿದ ತಾರೀಖು ಪಾಸ್‌ಪೋರ್ಟ್‌ನಿಂದ ನೇರವಾಗಿ ಕಂಪ್ಯೂಟರ್‌ಗೆ ಹೋಗಿರುತ್ತದೆ. ಅಲ್ಲಿ ಯಾರಿಗೂ ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ.

ನಾನು ಕ್ಲಬ್‌ನಲ್ಲಿದ್ದಾಗ ಒಂದು ಕುಟುಂಬ ಬಂದಿತ್ತು. ಮಗನಿಗೆ ಎರಡು ವರ್ಷ ಹತ್ತು ತಿಂಗಳು. ಅವರ ಏಜೆಂಟರೂ "ಬಿಟ್ಟು ಆರಾಮಾಗಿರಿ" ಎಂದೇ ಹೇಳಿದ್ದರಂತೆ. "ಎರಡೇ ತಿಂಗಳು ತಾನೇ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ" ಎಂದು ಆ ತಾಯಿ ಕೇಳಿದರು. ಆಗುವುದಿಲ್ಲ ಎಂದು ಹೇಳಬೇಕಾದವನು ನಾನೇ. ನಾಲ್ಕು ರಾತ್ರಿಯ ಪ್ರವಾಸದಲ್ಲಿ ಗಂಡ ಹೆಂಡತಿ ಸರದಿ ಹಾಕಿಕೊಂಡು ಮಗುವನ್ನು ನೋಡಿಕೊಂಡರು. ಒಟ್ಟಿಗೆ ಒಂದೇ ಒಂದು ಶೋ ನೋಡಲು ಅವರಿಗೆ ಆಗಲಿಲ್ಲ. ಆ ತಾಯಿಯ ಮುಖ ನನಗೆ ಇವತ್ತಿಗೂ ನೆನಪಿದೆ. ಅದಕ್ಕೇ ಚಿಕ್ಕ ಮಕ್ಕಳಿರುವ ಯಾರೇ ಕೇಳಿದರೂ ನಾನು ಮೊದಲು ಮಗುವಿನ ವಯಸ್ಸು ಕೇಳುತ್ತೇನೆ.

ಈಜುಕೊಳದ ಕಥೆಯೂ ಇದೇ. ಡೈಪರ್ ಹಾಕುವ ಮಗುವನ್ನು ಹಡಗಿನ ಸಾಮಾನ್ಯ ಈಜುಕೊಳಕ್ಕೆ ಬಿಡುವುದಿಲ್ಲ, ಸ್ವಿಮ್ ಡೈಪರ್ ಹಾಕಿದ್ದರೂ ಅಷ್ಟೇ. ಕೊಳದಲ್ಲಿ ಅದೇ ನೀರು ತಿರುಗುತ್ತಿರುತ್ತದೆ. ಒಂದು ಮಗುವಿನಿಂದ ನೀರು ಕೆಟ್ಟರೆ ಕೊಳವನ್ನೇ ಖಾಲಿ ಮಾಡಿ ತೊಳೆಯಬೇಕಾಗುತ್ತದೆ. ಕೆಲವು ಹಡಗುಗಳಲ್ಲಿ ಪುಟ್ಟ ಮಕ್ಕಳಿಗೆಂದೇ ಬೇರೆ ನೀರಾಟದ ಜಾಗ ಇರುತ್ತದೆ, ಕೆಲವುಗಳಲ್ಲಿ ಇಲ್ಲ. ಅಕ್ಕ ನೀರಿನಲ್ಲಿ ಆಡುವುದನ್ನು ತಮ್ಮ ದಡದಲ್ಲಿ ನಿಂತು ನೋಡಬೇಕಾದರೆ ಅವನು ಹಿಡಿಯುವ ಹಠ ನಿಮಗೆ ಗೊತ್ತಿರುವುದೇ.

ಹಾಗಾದರೆ ಮೂರು ವರ್ಷದೊಳಗಿನ ಮಕ್ಕಳಿಗೆ ಏನೂ ಇಲ್ಲವೇ? ಇದೆ. ಡಿಸ್ನಿಯಲ್ಲೂ ರಾಯಲ್ ಕೆರಿಬಿಯನ್‌ನ ಅನೇಕ ಹಡಗುಗಳಲ್ಲೂ ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ನರ್ಸರಿ ಇರುತ್ತದೆ. ಅದಕ್ಕೆ ಗಂಟೆ ಲೆಕ್ಕದಲ್ಲಿ ಬೇರೆ ಹಣ ಕೊಡಬೇಕು. ಜಾಗ ಕಡಿಮೆ, ಬೇಗ ತುಂಬಿಹೋಗುತ್ತದೆ. ಎಂಎಸ್‌ಸಿ ಎಂಬ ಯುರೋಪಿನ ಕಂಪನಿಯಲ್ಲೂ ಮೂರರ ಒಳಗಿನವರಿಗೆ ಬೇಬಿ ಕ್ಲಬ್ ಇದೆ. ಅದರ ಹಡಗುಗಳು ನಮ್ಮಲ್ಲಿಂದ ಹೊರಡುವುದಿಲ್ಲ. ಯುರೋಪಿನಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೆ ಅದು ಅನುಕೂಲ. ಅಂದಹಾಗೆ, ಮಕ್ಕಳನ್ನು ಹತ್ತಿಸಿಕೊಳ್ಳದ ಕಂಪನಿಗಳೂ ಇವೆ. ವರ್ಜಿನ್ ವಾಯೇಜಸ್‌ನಲ್ಲಿ 18 ತುಂಬದವರಿಗೆ ಪ್ರವೇಶವೇ ಇಲ್ಲ. ಆರು ತಿಂಗಳೂ ಆಗದ ಕೂಸನ್ನು ಹೆಚ್ಚಿನ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ.

ಈಗ "ಮಕ್ಕಳು ಫ್ರೀ" ಎನ್ನುವ ಮಾತಿಗೆ ಬರೋಣ. ಇದು ಸುಳ್ಳಲ್ಲ. ಆದರೆ ನಿಮಗೆ ಹೊಂದುವ ಸತ್ಯವೂ ಅಲ್ಲ.

ಕ್ರೂಸ್‌ನ ದರ ಇರುವುದು ಒಂದು ಕ್ಯಾಬಿನ್‌ಗೆ ಇಬ್ಬರು ಎಂಬ ಲೆಕ್ಕದಲ್ಲಿ. ಮೊದಲ ಇಬ್ಬರು ಪೂರ್ತಿ ದರ ಕೊಡುತ್ತಾರೆ. ಅದೇ ಕ್ಯಾಬಿನ್‌ನಲ್ಲಿ ಮೂರನೆಯವರು, ನಾಲ್ಕನೆಯವರು ಇದ್ದರೆ ಅವರಿಗೆ ರಿಯಾಯಿತಿ, ಕೆಲವೊಮ್ಮೆ ಪೂರ್ತಿ ಮಾಫಿ. ಫ್ರೀ ಅನ್ನುವುದು ಆ ಮೂರನೇ, ನಾಲ್ಕನೇ ಹಾಸಿಗೆಗೆ ಮಾತ್ರ. ನೀವು ಐದು ಜನ. ಸಾಮಾನ್ಯ ಕ್ಯಾಬಿನ್‌ನಲ್ಲಿ ನಾಲ್ಕಕ್ಕಿಂತ ಹೆಚ್ಚು ಜನರನ್ನು ಬಿಡುವುದಿಲ್ಲ. "ಮಗು ಚಿಕ್ಕದು, ನಮ್ಮ ಜೊತೆಯಲ್ಲೇ ಮಲಗುತ್ತದೆ" ಎಂದರೆ ಒಪ್ಪುವುದಿಲ್ಲ. ಹಡಗಿನಲ್ಲಿ ಕೈಗೂಸಿಗೂ ಲೈಫ್‌ಬೋಟ್‌ನಲ್ಲಿ ಒಂದು ಜಾಗದ ಲೆಕ್ಕ ಇರುತ್ತದೆ. ಹಾಗಾಗಿ ನಿಮಗೆ ಎರಡು ಕ್ಯಾಬಿನ್ ಬೇಕೇ ಬೇಕು. ಒಂದರಲ್ಲಿ ಅತ್ತೆಯವರು ಮತ್ತು ಮಗಳು. ಅಲ್ಲಿ ಮಗಳು ಎರಡನೆಯವಳು, ಪೂರ್ತಿ ದರ ಬೀಳುತ್ತದೆ. ಇನ್ನೊಂದರಲ್ಲಿ ನೀವಿಬ್ಬರು ಮತ್ತು ಮಗ. ಫ್ರೀ ಆಗುವುದಾದರೆ ಅವನೊಬ್ಬನೇ. ಅವನಿಗೂ ಬಂದರು ಶುಲ್ಕ ಕಟ್ಟಬೇಕು, ಸಿಬ್ಬಂದಿಗೆ ಕೊಡುವ ಗ್ರಾಚುಟಿ ಕಟ್ಟಬೇಕು. ಈ ಗ್ರಾಚುಟಿ ಅಂದರೆ ಟಿಪ್ಸ್. ದೊಡ್ಡ ಕಂಪನಿಗಳಲ್ಲಿ ಇದು ದಿನಕ್ಕೆ ತಲೆಗೆ 15ರಿಂದ 20 ಡಾಲರ್ ಆಸುಪಾಸು. ಐದು ಜನಕ್ಕೆ ನಾಲ್ಕು ರಾತ್ರಿ ಎಂದರೆ ಎಷ್ಟಾಯಿತು ನೋಡಿ. ಏಜೆಂಟರಿಂದ ತಲೆಗೆ ಇಷ್ಟು ಎನ್ನುವ ದರ ತೆಗೆದುಕೊಳ್ಳಬೇಡಿ. ಐದೂ ಜನರ ಹೆಸರು, ವಯಸ್ಸು ಬರೆದು, ಎಲ್ಲ ಶುಲ್ಕ ಸೇರಿಸಿದ ಒಟ್ಟು ಮೊತ್ತ ಬರೆಸಿಕೊಳ್ಳಿ.

ಕ್ಯಾಬಿನ್ ಎರಡಾಗುವುದರಿಂದ ಒಂದು ಲಾಭವೂ ಇದೆ. ನಡುವೆ ಬಾಗಿಲು ಇರುವ ಕನೆಕ್ಟಿಂಗ್ ಕ್ಯಾಬಿನ್ ಕೇಳಿ. ಬಾತ್‌ರೂಮ್ ಎರಡು ಸಿಗುತ್ತದೆ. ಮಗ ರಾತ್ರಿ ಎಂಟಕ್ಕೆ ಮಲಗಿದರೆ ಅತ್ತೆಯವರು ಪಕ್ಕದಲ್ಲೇ ಇರುತ್ತಾರೆ, ನೀವಿಬ್ಬರೂ ಒಂದು ಗಂಟೆ ಡೆಕ್ ಮೇಲೆ ಗಾಳಿಗೆ ಹೋಗಿಬರಬಹುದು.

ಇನ್ನು ಮಗಳ ವಾಂತಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ತಪ್ಪು ತಿಳಿವಳಿಕೆ ತುಂಬ ಇದೆ.

ಕಿವಿಯ ಒಳಗಿನ ಭಾಗ ಮೈ ಅಲುಗಾಡುತ್ತಿದೆ ಎಂದು ಮೆದುಳಿಗೆ ಹೇಳುತ್ತದೆ. ಕಣ್ಣು ಎದುರಿನ ಗೋಡೆ ನೋಡಿ ಇಲ್ಲ, ನಿಂತಿದ್ದೇವೆ ಎನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಅಪರೂಪ. ಆಮೇಲೆ ಶುರುವಾಗಿ, ಶಾಲೆಗೆ ಹೋಗುವ ವಯಸ್ಸಿನಲ್ಲಿ ಹೆಚ್ಚಾಗಿ, ದೊಡ್ಡವರಾದಂತೆ ಇಳಿಯುತ್ತದೆ. ನಿಮ್ಮ ಮಗಳು ಈಗ ಆ ಹೆಚ್ಚಿನ ವಯಸ್ಸಿನಲ್ಲೇ ಇದ್ದಾಳೆ. ಘಾಟಿಯಲ್ಲಿ ವಾಂತಿ ಮಾಡುವವರೆಲ್ಲ ಹಡಗಿನಲ್ಲೂ ಮಾಡುತ್ತಾರೆ ಎಂದಿಲ್ಲ. ಆಗುಂಬೆಯ ತಿರುವುಗಳಲ್ಲಿ ಬಸ್ಸು ಎಸೆದಾಡುವ ಹಾಗೆ ದೊಡ್ಡ ಹಡಗು ಎಸೆದಾಡುವುದಿಲ್ಲ. ಆದರೆ "ದೊಡ್ಡ ಹಡಗು ಅಲುಗಾಡುವುದೇ ಇಲ್ಲ" ಎನ್ನುವ ಮಾತು ತಪ್ಪು. ಹಡಗಿನ ಎರಡೂ ಪಕ್ಕದಲ್ಲಿ ನೀರಿನೊಳಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತವೆ. ಅವು ಅಡ್ಡಡ್ಡ ತೂಗುವುದನ್ನು ಬಹಳ ಮಟ್ಟಿಗೆ ತಡೆಯುತ್ತವೆ. ಮೂತಿ ಎದ್ದು ಬೀಳುವುದನ್ನು ತಡೆಯುವುದಿಲ್ಲ.

ಹಾಗಾಗಿ ಹಡಗಿನ ಗಾತ್ರಕ್ಕಿಂತ ಮುಖ್ಯವಾದದ್ದು ಯಾವ ಸಮುದ್ರ, ಯಾವ ತಿಂಗಳು ಎನ್ನುವುದು. ಸಿಂಗಾಪುರದಿಂದ ಪೆನಾಂಗ್, ಪೋರ್ಟ್ ಕ್ಲಾಂಗ್ ಕಡೆ ಹೋಗುವ ದಾರಿ ಮಲಕ್ಕಾ ಜಲಸಂಧಿ. ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲೇಷಿಯಾ. ಎರಡೂ ಕಡೆ ನೆಲ ಅಡ್ಡ ಇರುವುದರಿಂದ ದೊಡ್ಡ ಅಲೆ ಏಳುವುದು ಕಡಿಮೆ. ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ಚಂಡಮಾರುತವೂ ಅಪರೂಪ. 2001ರ ಡಿಸೆಂಬರ್‌ನಲ್ಲಿ ಸಿಂಗಾಪುರದ ಹತ್ತಿರ ವಾಮೈ ಎಂಬ ಚಂಡಮಾರುತ ಎದ್ದಿತ್ತು. ಅಲ್ಲಿ ಅಂಥದ್ದು ಏಳುವುದು ಎಷ್ಟು ವಿರಳ ಎಂದರೆ ಹವಾಮಾನದವರು ಇವತ್ತಿಗೂ ಅದರ ಉದಾಹರಣೆ ಕೊಡುತ್ತಾರೆ. ಅದೇ ಸಿಂಗಾಪುರದಿಂದ ವಿಯೆಟ್ನಾಂ ಕಡೆ ದಕ್ಷಿಣ ಚೀನಾ ಸಮುದ್ರಕ್ಕೆ ಹೋದರೆ, ನವೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತದ ಅಲೆ ಚೆನ್ನಾಗಿಯೇ ತೂಗುತ್ತದೆ.

ನಮ್ಮ ಅರಬ್ಬಿ ಸಮುದ್ರ ಏಪ್ರಿಲ್‌ನಲ್ಲಿ ಸಾಮಾನ್ಯವಾಗಿ ಶಾಂತ. ಮೇ ನಡುವಿನಿಂದ ನಂಬುವ ಹಾಗಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ನಮ್ಮ ಕರಾವಳಿಯ ಮನೆಗಳ ಅಂಗಳಕ್ಕೇ ನೀರು ನುಗ್ಗಿತ್ತು. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಮಗಳನ್ನು ಕರೆದುಕೊಂಡು ಆ ತಿಂಗಳುಗಳಲ್ಲಿ ಈ ಕಡೆಯ ಸಮುದ್ರಕ್ಕೆ ಇಳಿಯುವುದು ಬೇಡ.

ಕ್ಯಾಬಿನ್ ಆರಿಸುವಾಗ ಹಡಗಿನ ಉದ್ದಕ್ಕೆ ಮಧ್ಯದಲ್ಲಿ, ಕೆಳಗಿನ ಡೆಕ್‌ನಲ್ಲಿ, ಅಂದರೆ ಕೆಳಗಿನ ಮಹಡಿಯಲ್ಲಿ ತೆಗೆದುಕೊಳ್ಳಿ. ತೊಟ್ಟಿಲು ತೂಗುವಾಗ ತುದಿಗಳು ಜಾಸ್ತಿ ಆಡುತ್ತವೆ, ನಡು ಕಡಿಮೆ ಆಡುತ್ತದೆ. ಹಡಗೂ ಹಾಗೆಯೇ. ಏಜೆಂಟರು ಮೇಲಿನ ಡೆಕ್ ಚೆನ್ನಾಗಿರುತ್ತದೆ ಎನ್ನುತ್ತಾರೆ. ನೋಟ ಚೆನ್ನಾಗಿರುತ್ತದೆ ನಿಜ, ತೂಗಾಟವೂ ಅಲ್ಲೇ ಹೆಚ್ಚು. ಹೊಟ್ಟೆ ತೊಳಸಿದರೆ ಮಗಳ ಕೈಯಿಂದ ಮೊಬೈಲ್ ತೆಗೆದುಕೊಂಡು, ಡೆಕ್ ಮೇಲೆ ಕರೆದುಕೊಂಡು ಹೋಗಿ ದೂರದ ಕಡಲು ಆಕಾಶ ಸೇರುವ ಗೆರೆ ತೋರಿಸಿ. ಹೊಟ್ಟೆ ಪೂರ್ತಿ ಖಾಲಿ ಬಿಡಬೇಡಿ. ಒಣ ಬಿಸ್ಕತ್ತು, ಚೂರು ಶುಂಠಿ ಸಾಕು. ಮಾತ್ರೆಯನ್ನು ಮಾತ್ರ ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ತೂಕಕ್ಕೆ ತಕ್ಕಂತೆ ಬರೆಸಿಕೊಂಡೇ ಹೋಗಿ. ಬಸ್ಸಿಗೆ ಕೊಡುವ ಮಾತ್ರೆಯನ್ನೇ ಅಂದಾಜಿನ ಮೇಲೆ ಮುರಿದು ತಮ್ಮನಿಗೂ ಕೊಡುವುದು ಬೇಡ. ಪ್ರೊಮೆಥಜಿನ್ ಇರುವ ಮಾತ್ರೆಗಳನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಎರಡು ದಾಟಿದ ಪುಟ್ಟ ಮಕ್ಕಳಿಗೂ ಡಾಕ್ಟರನ್ನು ಕೇಳದೆ ಕೊಡಬೇಡಿ.

ಬುಕ್ ಮಾಡುವ ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಬಹುದು. ಒಂದು ಭಾನುವಾರ ಮಲ್ಪೆಗೆ ಬಂದು ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್‌ನಲ್ಲಿ ಹೋಗಿ. ಆ ಬೋಟ್ ಕ್ರೂಸ್ ಹಡಗಿಗಿಂತ ಎಷ್ಟೋ ಪಾಲು ಜಾಸ್ತಿ ಅಲುಗಾಡುತ್ತದೆ. ಅದರಲ್ಲಿ ಮಗಳು ನಗುತ್ತಾ ಹೋಗಿ ಬಂದರೆ ಅರ್ಧ ಚಿಂತೆ ಬಿಡಬಹುದು. ನಿಮ್ಮ ನೀರಿನ ಭಯವೂ ಎಷ್ಟಿದೆ ಎಂದು ಗೊತ್ತಾಗುತ್ತದೆ.

ಈಗ ನೀವು ಕೇಳಿದ ಹಡಗುಗಳು.

ಕಾರ್ಡೆಲಿಯಾದ ಎಂಪ್ರೆಸ್ 1990ರಲ್ಲಿ ಕಟ್ಟಿದ ಹಡಗು. ಹಿಂದೆ ರಾಯಲ್ ಕೆರಿಬಿಯನ್‌ನಲ್ಲಿತ್ತು. 2021ರಿಂದ ಇಲ್ಲಿ ಓಡುತ್ತಿದೆ. ಈಗಿನ ಲೆಕ್ಕದಲ್ಲಿ ಸಣ್ಣ ಹಡಗು, ಸುಮಾರು 48,500 ಟನ್. ಈ ಟನ್ ಅನ್ನುವುದು ತೂಕ ಅಲ್ಲ, ಒಳಗಿನ ಜಾಗದ ಅಳತೆ. ಹಡಗು ಹಳೆಯದು ಎಂದಾಕ್ಷಣ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅತ್ತೆಯವರ ಮಂಡಿಗೆ ಚಿಕ್ಕ ಹಡಗೇ ಹಿತ, ನಡೆಯುವುದು ಕಡಿಮೆ. ಪಾಸ್‌ಪೋರ್ಟ್ ಬೇಡ, ನಮ್ಮ ಊಟ ಸಿಗುತ್ತದೆ, ಸಿಬ್ಬಂದಿ ಹಿಂದಿ ಮಾತಾಡುತ್ತಾರೆ, ಖರ್ಚೂ ಕಡಿಮೆ. ಆದರೆ ಕ್ಯಾಬಿನ್‌ಗಳು ಚಿಕ್ಕವು. ವಾರಾಂತ್ಯದ ಗೋವಾ ಪ್ರವಾಸಗಳಲ್ಲಿ ಪಾರ್ಟಿಗೆ ಬರುವ ಗುಂಪುಗಳು ಹೆಚ್ಚು. ಹೋಗುವುದಾದರೆ ವಾರದ ನಡುವೆ ಹೋಗಿ. ಲಕ್ಷದ್ವೀಪದಲ್ಲಿ ಹವಳದ ದಿಬ್ಬ ಇರುವುದರಿಂದ ಹಡಗು ದಡಕ್ಕೆ ಬರುವುದಿಲ್ಲ. ನಡುಸಮುದ್ರದಲ್ಲಿ ನಿಂತು, ಚಿಕ್ಕ ಬೋಟ್‌ಗಳಲ್ಲಿ ಜನರನ್ನು ಇಳಿಸುತ್ತಾರೆ. ತೂಗುವ ಬೋಟ್‌ಗೆ ಹೆಜ್ಜೆ ಹಾಕುವುದು ಮಂಡಿ ನೋವಿರುವವರಿಗೆ ಕಷ್ಟ, ನೀರಿನ ಭಯ ಇರುವ ನಿಮಗೂ ಕಷ್ಟ. ಅಲೆ ಜಾಸ್ತಿ ಇದ್ದರೆ ಇಳಿಸುವುದೇ ಇಲ್ಲ. ಆಗ ದ್ವೀಪವನ್ನು ದೂರದಿಂದ ನೋಡಿ ಬರಬೇಕು. ಅದಕ್ಕೆ ಟಿಕೆಟ್ ಹಣ ವಾಪಸ್ ಬರುವುದಿಲ್ಲ. ಇದು ಎಲ್ಲ ಕ್ರೂಸ್ ಕಂಪನಿಗಳ ಷರತ್ತಿನಲ್ಲೂ ಇರುವ ಮಾತು.

ನಮ್ಮ ಪಣಂಬೂರಿನ ಬಂದರಿಗೂ ಚಳಿಗಾಲದಲ್ಲಿ ಕ್ರೂಸ್ ಹಡಗುಗಳು ಬರುತ್ತವೆ. ಅದರಲ್ಲಿ ಬಂದ ವಿದೇಶಿಯರು ಮೂಡಬಿದಿರೆಯ ಸಾವಿರ ಕಂಬದ ಬಸದಿ ನೋಡಿಕೊಂಡು ಸಂಜೆಗೆ ಹೊರಟುಬಿಡುತ್ತಾರೆ. ನಮ್ಮವರು ಅಲ್ಲಿಂದಲೇ ಹತ್ತುವ ದಿನ ಬರಲಿ ಎಂದು ನನಗೆ ಬಹಳ ಆಸೆ. ಸದ್ಯಕ್ಕೆ ನೀವು ಮುಂಬೈಗೋ ಸಿಂಗಾಪುರಕ್ಕೋ ಹೋಗಲೇಬೇಕು.

ಏಜೆಂಟರು ತೋರಿಸಿದ ಹಡಗಿನ ಹೆಸರು ನೀವು ಬರೆದಿಲ್ಲ, ಹಾಗಾಗಿ ಸಿಂಗಾಪುರದಿಂದ ಹೊರಡುವ ಹಡಗುಗಳನ್ನು ಒಂದೊಂದಾಗಿ ಹೇಳುತ್ತೇನೆ. ಗೆಂಟಿಂಗ್ ಡ್ರೀಮ್ 2016ರ ಹಡಗು, ಸುಮಾರು ಒಂದೂವರೆ ಲಕ್ಷ ಟನ್. ರೆಸಾರ್ಟ್ಸ್ ವರ್ಲ್ಡ್ ಕ್ರೂಸಸ್‌ನವರು 2022ರ ಜೂನ್‌ನಿಂದ ಸಿಂಗಾಪುರದಲ್ಲಿ ನಡೆಸುತ್ತಿದ್ದಾರೆ, 2025ರಲ್ಲಿ ಕಂಪನಿಯ ಹೆಸರು ಸ್ಟಾರ್‌ಡ್ರೀಮ್ ಕ್ರೂಸಸ್ ಎಂದಾಯಿತು. ಭಾರತದ ಪ್ರಯಾಣಿಕರು ಇದರಲ್ಲಿ ಬಹಳ. ಭಾರತೀಯ ಸಸ್ಯಾಹಾರ, ಜೈನ ಊಟ ಎರಡೂ ಇವೆ. ಅತ್ತೆಯವರ ಸೋಮವಾರಕ್ಕೆ ಜೈನ ಊಟ ಎಂದು ಬರೆಸಿದರೆ ಮುಗಿಯಿತು, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲ. ನೀರಿನ ಜಾರುಬಂಡಿಗಳು ಮಗಳಿಗೆ ಇಷ್ಟವಾಗುತ್ತವೆ. ಕ್ಯಾಸಿನೊ ದೊಡ್ಡದಿದೆ, ಆದರೆ ಮಕ್ಕಳನ್ನು ಒಳಗೆ ಬಿಡುವುದಿಲ್ಲ.

ರಾಯಲ್ ಕೆರಿಬಿಯನ್ ಸಿಂಗಾಪುರಕ್ಕೆ ಒಂದೇ ಹಡಗು ಇಟ್ಟಿಲ್ಲ, ಋತುವಿಗೆ ತಕ್ಕಂತೆ ಬದಲಿಸುತ್ತದೆ. ಹಾಗಾಗಿ ಕಂಪನಿಯ ಹೆಸರು ನೋಡಿ ದುಡ್ಡು ಕಟ್ಟಬೇಡಿ, ಹಡಗಿನ ಹೆಸರು ನೋಡಿ. ಅವರ ಕ್ವಾಂಟಮ್ ಎಂಬ ಮಾದರಿಯ ಹಡಗು ಸಿಕ್ಕರೆ ನಿಮ್ಮ ಮಗಳಿಗೆ ಹಬ್ಬ. ಒಳಾಂಗಣದಲ್ಲಿ ಡಿಕ್ಕಿ ಹೊಡೆಸುವ ಕಾರು, ಅಲೆಯ ಮೇಲೆ ಹಲಗೆ ಹಾಕಿ ಜಾರುವ ಫ್ಲೋರೈಡರ್, ಗಾಳಿಯಲ್ಲಿ ತೇಲುವ ಐಫ್ಲೈ ಎಲ್ಲ ಇವೆ. ಇವಕ್ಕೆ ಎತ್ತರ, ವಯಸ್ಸಿನ ಮಿತಿ ಇರುತ್ತದೆ. ಮಗಳ ಎತ್ತರ ಅಳೆದು ಮೊದಲೇ ನೋಡಿ, ಅಲ್ಲಿ ಹೋಗಿ ನಿರಾಸೆ ಆಗುವುದು ಬೇಡ. ಕೊರತೆ ಎಂದರೆ ನಡೆಯುವ ದೂರ. ಈ ಹಡಗುಗಳು 347 ಮೀಟರ್ ಆಸುಪಾಸು ಉದ್ದ. ಊಟಕ್ಕೆ ಒಂದು ತುದಿ, ಶೋಗೆ ಇನ್ನೊಂದು ತುದಿ. ಅತ್ತೆಯವರಿಗೆ ಲಿಫ್ಟ್ ಹತ್ತಿರದ ಕ್ಯಾಬಿನ್ ಕೇಳಲೇಬೇಕು.

ಡಿಸ್ನಿ ಅಡ್ವೆಂಚರ್ ಬಗ್ಗೆ ಮಗಳಿಗೆ ಬೇಜಾರಾಗದ ಹಾಗೆ ಹೇಳಬೇಕು. ಅದು ಸುಮಾರು 2,08,000 ಟನ್‌ನ ದೈತ್ಯ, 6,700ರಷ್ಟು ಪ್ರಯಾಣಿಕರು ಹಿಡಿಯುತ್ತಾರೆ. ಸಿಂಗಾಪುರದಿಂದ 2025ರ ಡಿಸೆಂಬರ್‌ನಲ್ಲಿ ಹೊರಡಬೇಕಿತ್ತು, ಕಂಪನಿ ಅದನ್ನು 2026ರ ಮಾರ್ಚ್‌ಗೆ ಮುಂದೂಡಿತು. ಪ್ರವಾಸ ಮೂರು ಅಥವಾ ನಾಲ್ಕು ರಾತ್ರಿಯದು. ಹಡಗು ಎಲ್ಲೂ ನಿಲ್ಲುವುದಿಲ್ಲ, ಸಮುದ್ರ ಸುತ್ತಿ ಸಿಂಗಾಪುರಕ್ಕೇ ವಾಪಸ್. ಮಕ್ಕಳಿಗೆ ಅದೇ ಸಾಕು. ಅತ್ತೆಯವರಿಗೆ ಹೊಸ ಊರು ನೋಡುವ ಆಸೆ ಇದ್ದರೆ ಅದು ಇಲ್ಲಿ ತೀರುವುದಿಲ್ಲ. ದರವೂ ಸಾಮಾನ್ಯವಾಗಿ ಮೇಲೆಯೇ ಇರುತ್ತದೆ. ಮಕ್ಕಳನ್ನು ನೋಡಿಕೊಳ್ಳುವುದರಲ್ಲಿ ಡಿಸ್ನಿಯವರಷ್ಟು ಶಿಸ್ತು ನಾನು ಬೇರೆ ಕಡೆ ಕಂಡಿಲ್ಲ, ಅದನ್ನು ಒಪ್ಪುತ್ತೇನೆ.

ಊಟದ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮವರು ಬ್ಯಾಗಿನಲ್ಲಿ ಚಿಕ್ಕ ಎಲೆಕ್ಟ್ರಿಕ್ ಕುಕ್ಕರ್, ಕೆಟಲ್ ಇಟ್ಟುಕೊಂಡು ಬರುತ್ತಾರೆ. ಸ್ಕ್ಯಾನ್‌ನಲ್ಲಿ ಸಿಕ್ಕಿಬಿಡುತ್ತದೆ, ತೆಗೆದಿಟ್ಟುಕೊಂಡು ಕೊನೆಯ ದಿನ ಕೊಡುತ್ತಾರೆ. ಸಮುದ್ರದ ನಡುವೆ ಹಡಗಿಗೆ ಬೆಂಕಿಗಿಂತ ದೊಡ್ಡ ಭಯ ಇಲ್ಲ, ಅದಕ್ಕೆ ಈ ನಿಯಮ. ಮನೆಯಲ್ಲಿ ಮಾಡಿದ ಅಡುಗೆಯನ್ನೂ ಹೆಚ್ಚಿನ ಕಂಪನಿಗಳು ಬಿಡುವುದಿಲ್ಲ. ಸೀಲ್ ಇರುವ ಪ್ಯಾಕೆಟ್, ಮಗುವಿನ ಆಹಾರದ ಡಬ್ಬಿ ಸಾಮಾನ್ಯವಾಗಿ ಬಿಡುತ್ತಾರೆ. ಅಂಗಡಿಯ ಸೀಲ್ ಇರುವ ಚಟ್ನಿಪುಡಿ ಇಟ್ಟುಕೊಳ್ಳಿ. ಮೊದಲ ದಿನವೇ ಊಟದ ಹಾಲ್‌ನ ಮುಖ್ಯಸ್ಥರನ್ನು ಕಂಡು ಅತ್ತೆಯವರ ಪರಿಚಯ ಮಾಡಿಸಿ. ಆಮೇಲೆ ಅವರೇ ಹುಡುಕಿಕೊಂಡು ಬಂದು ಬಡಿಸುತ್ತಾರೆ, ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಿಮ್ಮ ಭಯದ ಬಗ್ಗೆ. ಮುಳುಗುವ ಭಯವನ್ನು ಯಾರೂ ತಮಾಷೆ ಮಾಡಬಾರದು. 2012ರ ಜನವರಿ 13ರಂದು ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಗುಲಿ 32 ಜನ ತೀರಿಕೊಂಡರು. ಆ ಸಂಜೆ ಹಡಗು ಹತ್ತಿದ ನೂರಾರು ಜನರಿಗೆ ತುರ್ತು ತಾಲೀಮು ಆಗಿರಲೇ ಇಲ್ಲ, ಮರುದಿನಕ್ಕೆ ಇತ್ತು. ಆಮೇಲೆ ನಿಯಮ ಬಿಗಿಯಾಯಿತು. ಈಗ ಹಡಗು ಬಿಡುವ ಮೊದಲೇ ಅಥವಾ ಬಿಟ್ಟ ಕೂಡಲೇ ತಾಲೀಮು ಆಗಲೇಬೇಕು. ಫೋನ್‌ನಲ್ಲಿ ವಿಡಿಯೊ ನೋಡಿ, ತುರ್ತಿನಲ್ಲಿ ಸೇರಲು ನಿಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಹಾಜರಿ ಹಾಕುವ ಪದ್ಧತಿ ಹಲವು ಹಡಗುಗಳಲ್ಲಿ ಬಂದಿದೆ. ಜನ ಅದನ್ನು ಸುಮ್ನೆ ಮುಗಿಸಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಐದೂ ಜನ ಒಟ್ಟಿಗೆ ಆ ಜಾಗಕ್ಕೆ ನಡೆದುಹೋಗಿ. ಮಗನ ಅಳತೆಯ ಲೈಫ್ ಜಾಕೆಟ್ ಕೇಳಿ, ಹಾಕಿಸಿ ನೋಡಿ. ಒಮ್ಮೆ ಹೀಗೆ ಮಾಡಿದರೆ ನಿಮ್ಮ ಭಯ ಅರ್ಧ ಇಳಿಯುತ್ತದೆ.

ನಾನು ಅದಕ್ಕಿಂತ ಜಾಸ್ತಿ ಹೆದರುವುದು ಈಜುಕೊಳಕ್ಕೆ. ಡಿಸ್ನಿ, ರಾಯಲ್ ಕೆರಿಬಿಯನ್‌ನಲ್ಲಿ ಲೈಫ್‌ಗಾರ್ಡ್ ಇರುತ್ತಾರೆ. ಬಹಳ ಹಡಗುಗಳಲ್ಲಿ ಇರುವುದಿಲ್ಲ, "ನಿಮ್ಮ ಜವಾಬ್ದಾರಿ" ಎನ್ನುವ ಬೋರ್ಡ್ ಮಾತ್ರ. ಸುತ್ತ ನೂರು ಜನ ಇರುವಾಗ ಯಾರೋ ನೋಡುತ್ತಿರುತ್ತಾರೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಕೊನೆಗೆ ಯಾರೂ ನೋಡುತ್ತಿರುವುದಿಲ್ಲ. ಮಕ್ಕಳು ಕೂಗದೆ ಮುಳುಗುತ್ತಾರೆ. ಕೊಳದ ಹತ್ತಿರ ದೊಡ್ಡವರು ಒಬ್ಬರಾದರೂ ಫೋನ್ ಮುಟ್ಟದೆ ಮಕ್ಕಳನ್ನೇ ನೋಡುತ್ತಿರಬೇಕು, ಅಷ್ಟೇ ನಿಯಮ. ಬಾಲ್ಕನಿಯದೂ ಹಾಗೆಯೇ. ಅಮೆರಿಕದ 2010ರ ಕಾನೂನು ಕಟಕಟೆ ಕನಿಷ್ಠ 42 ಇಂಚು ಇರಬೇಕು ಎನ್ನುತ್ತದೆ. ನಿಮ್ಮ ಮಗನಿಗೆ ಅದು ತಲೆಗಿಂತ ಮೇಲೆಯೇ. ಅಪಾಯ ಬರುವುದು ಅವನು ಕುರ್ಚಿ ಎಳೆದು ಹತ್ತಿದಾಗ. ಬಾಲ್ಕನಿಯ ಕುರ್ಚಿ ತೆಗೆಸಿಬಿಡಿ, ಇಲ್ಲವೇ ಕಿಟಕಿ ಮಾತ್ರ ಇರುವ ಕ್ಯಾಬಿನ್ ತೆಗೆದುಕೊಳ್ಳಿ. ನಿಮಗೆ ನಾನು ಕಿಟಕಿಯ ಕ್ಯಾಬಿನ್ನೇ ಹೇಳುವುದು.

ಹಡಗಿನಲ್ಲಿ ವಾಂತಿ ಭೇದಿಯ ನೊರೊವೈರಸ್ ಬಂದರೆ ಬೇಗ ಹರಡುತ್ತದೆ. ಬಾಗಿಲಲ್ಲಿ ಕೊಡುವ ಸ್ಯಾನಿಟೈಸರ್ ಅದಕ್ಕೆ ಸಾಲದು, ಮಕ್ಕಳಿಗೆ ಸೋಪು ಹಚ್ಚಿಯೇ ಕೈ ತೊಳೆಸಿ. ಡಾಕ್ಟರು ಇರುತ್ತಾರೆ, ಮಕ್ಕಳ ತಜ್ಞರು ಸಾಮಾನ್ಯವಾಗಿ ಇರುವುದಿಲ್ಲ, ಫೀಸೂ ಜಾಸ್ತಿ. ವಿಮೆ ಮಾಡಿಸುವಾಗ ಕ್ರೂಸ್ ಎಂದು ಬರೆದಿದೆಯೇ, ಹಡಗಿನಿಂದ ದಡದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯೇ ನೋಡಿ. ಅತ್ತೆಯವರ ಹಳೆಯ ಕಾಯಿಲೆಗಳನ್ನು ಮುಚ್ಚಿಡದೆ ಬರೆಸಿ.

ಕಾಗದ ಪತ್ರಗಳು: ಎಲ್ಲರ ಪಾಸ್‌ಪೋರ್ಟ್‌ಗೂ ಆರು ತಿಂಗಳ ಅವಧಿ ಉಳಿದಿರಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ, ಮಗಳದ್ದನ್ನು ಇವತ್ತೇ ತೆಗೆದು ನೋಡಿ. ಸಿಂಗಾಪುರದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಹೋಗಲು ಬಿಡುವಂಥದ್ದಾಗಿರಬೇಕು, ಯಾಕೆಂದರೆ ಹಡಗು ಹೊರಗೆ ಹೋಗಿ ಮತ್ತೆ ಅಲ್ಲಿಗೇ ಬರುತ್ತದೆ. ಮಲೇಷಿಯಾ 2026ರ ಕೊನೆಯವರೆಗೆ ನಮ್ಮವರಿಗೆ ವೀಸಾ ಮನ್ನಾ ಮಾಡಿದೆ. ವಿದೇಶದ ಪ್ಯಾಕೇಜ್‌ಗೆ ಟಿಸಿಎಸ್, ಅಂದರೆ ಹಣ ಕಟ್ಟುವಾಗಲೇ ವಸೂಲು ಮಾಡುವ ತೆರಿಗೆ ಹಿಡಿಯುತ್ತಾರೆ, ಅದನ್ನು ಯಜಮಾನರ ಐಟಿ ರಿಟರ್ನ್‌ನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಹಡಗು ಹೊರಟ ಕೂಡಲೇ ಎಲ್ಲರ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಸಮುದ್ರದ ರೋಮಿಂಗ್ ಬಿಲ್ ನೋಡಿ ಅತ್ತವರು ನನ್ನ ರಿಸೆಪ್ಷನ್ ಮೇಜಿನ ಮುಂದೆ ಎಷ್ಟೋ ಜನ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏಪ್ರಿಲ್ ಬಿಡುತ್ತೇನೆ. ದಸರಾ ರಜೆಗೆ ಇಟ್ಟುಕೊಳ್ಳುತ್ತೇನೆ. ಅಕ್ಟೋಬರ್‌ಗೆ ಮಗನಿಗೆ ಮೂರು ವರ್ಷ ಎರಡು ತಿಂಗಳು. ಟಾಯ್ಲೆಟ್ ಅಭ್ಯಾಸಕ್ಕೆ ಬೇಸಿಗೆ ಪೂರ್ತಿ ಸಮಯ ಸಿಗುತ್ತದೆ. ಸಿಂಗಾಪುರದಿಂದ ಮಲಕ್ಕಾ ಜಲಸಂಧಿಯಲ್ಲಿ ಹೋಗುವ ಮೂರು ನಾಲ್ಕು ರಾತ್ರಿಯ ಪ್ರವಾಸ, ಗೆಂಟಿಂಗ್ ಡ್ರೀಮ್ ಅಥವಾ ರಾಯಲ್ ಕೆರಿಬಿಯನ್. ಇವೆರಡರಲ್ಲಿ ಆ ವಾರ ಯಾವುದಕ್ಕೆ ನಡು ಭಾಗದ, ಕೆಳಗಿನ ಡೆಕ್‌ನ, ಲಿಫ್ಟ್ ಹತ್ತಿರದ ಕನೆಕ್ಟಿಂಗ್ ಕ್ಯಾಬಿನ್ ಸಿಗುತ್ತದೋ ಅದು. ಕೆಲವು ವರ್ಷ ಆ ಹೊತ್ತಿಗೆ ಸುಮಾತ್ರಾದ ಕಾಡು ಸುಡುವ ಹೊಗೆ ಸಿಂಗಾಪುರಕ್ಕೆ ಬರುತ್ತದೆ. ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ಡಾಕ್ಟರಿಗೆ ಹೇಳಿ. ಹಡಗು ಹೊರಡುವ ದಿನವೇ ಬೆಂಗಳೂರಿನಿಂದ ವಿಮಾನ ಹತ್ತಬೇಡಿ. ಹಿಂದಿನ ದಿನ ಹೋಗಿ ಮಲಗಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ.

ಏಪ್ರಿಲ್ಲೇ ಆಗಬೇಕು, ಆಗಲೇ ಎಲ್ಲರ ರಜೆ ಹೊಂದುವುದು ಎಂದಾದರೆ, ನರ್ಸರಿ ಇರುವ ಹಡಗನ್ನೇ ಹಿಡಿಯಿರಿ. ನರ್ಸರಿಯ ಗಂಟೆಗಳನ್ನು ಆ ಕಂಪನಿ ಬುಕಿಂಗ್ ತೆರೆದ ದಿನವೇ ಕಾಯ್ದಿರಿಸಿ. ಏಜೆಂಟರಿಗೆ ಫೋನ್‌ನಲ್ಲಿ ಕೇಳಬೇಡಿ, ಬರೆದು ಕೇಳಿ: "ನಮ್ಮ ಮಗನಿಗೆ ಆ ದಿನ ಎರಡು ವರ್ಷ ಎಂಟು ತಿಂಗಳು, ಡೈಪರ್ ಹಾಕುತ್ತಾನೆ. ಈ ಹಡಗಿನಲ್ಲಿ ಅವನನ್ನು ಯಾವ ಕೋಣೆಗೆ, ಎಷ್ಟು ಹೊತ್ತು, ಎಷ್ಟು ಹಣಕ್ಕೆ ಬಿಟ್ಟುಕೊಳ್ಳುತ್ತಾರೆ?" ಉತ್ತರವೂ ಬರಹದಲ್ಲೇ ಬರಲಿ. ಅದು ಬರುವ ತನಕ ಅಡ್ವಾನ್ಸ್ ಕೊಡಬೇಡಿ.